ಎಲುಬು ನುಡಿದ ಸಾಕ್ಷ್ಯ ಮತ್ತು ನಮ್ಮ ಮೌನ

ಕೊಡಗಿನ ಅಯ್ಯಂಗೇರಿಯಲ್ಲಿ 2025ರಲ್ಲಿ ಒಂದು ಮಗುವಿನ ತಲೆಬುರುಡೆಯನ್ನು ದಫನ ಮಾಡಲಾಯಿತು. ಮಗು ಕೊಲೆಯಾದದ್ದು 2006ರ ಡಿಸೆಂಬರ್‌ನಲ್ಲಿ. ನಡುವಿನ ಸುಮಾರು 19 ವರ್ಷಗಳಲ್ಲಿ ಒಂದೂವರೆ ವರ್ಷ ಅದು ಗೋವಾದ ಮಣ್ಣಿನಡಿ ಇತ್ತು. ಆನಂತರ ಮೊಕದ್ದಮೆಯ ಮುದ್ದೆಮಾಲಾಗಿ ಉಳಿಯಿತು. ಇಸ್ಲಾಮೀ ವಿಧಿಯಂತೆ ದಫನ ಮಾಡಲು ನಮ್ಮ ಮಗುವನ್ನು ನಮಗೆ ಕೊಡಿ ಎಂದು ಹೆತ್ತವರು ಕಾಸರಗೋಡಿನ ನ್ಯಾಯಾಲಯವನ್ನು ಬೇಡಿಕೊಂಡ ಬಳಿಕವೇ ಅದು ಅವರ ಕೈ ಸೇರಿತು. ಈ ಪ್ರಕರಣವು ಆ ಬಾಲಕಿಯ ಹೆಸರಿನಿಂದಲೇ ಎರಡು ರಾಜ್ಯಗಳಲ್ಲಿ ಪರಿಚಿತವಾಗಿದೆ. ಹೆಸರು ಬರೆಯದೆಯೂ ಹೇಳಬೇಕಾದುದನ್ನು ಹೇಳಲು ಸಾಧ್ಯವಿರುವುದರಿಂದ ನಾವದನ್ನು ಇಲ್ಲಿ ಬರೆಯುತ್ತಿಲ್ಲ.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಳೇಬೀಡಿಗೆ ತಿರುಗುವ ಹಗರೆಯಲ್ಲಿ ಕುಳಿತು ಇದನ್ನು ಓದುವವರಿಗೆ ಕಾಸರಗೋಡಿನ ಮೊಕದ್ದಮೆ ದೂರದ್ದೆನಿಸಬಹುದು. ಆದರೆ ಆ ಬಾಲಕಿಯೂ ನಮ್ಮ ರಾಜ್ಯದವಳೇ. ಹೊಟ್ಟೆಪಾಡಿಗಾಗಿ ಕಾಸರಗೋಡಿನ ಗುತ್ತಿಗೆದಾರನೊಬ್ಬನ ಮನೆಗೆಲಸಕ್ಕೆ ಹೋದವಳು. ಅಲ್ಲಿಂದ ಅವಳನ್ನು ಗೋವಾದ ಮನೆಗೆ ಕರೆದೊಯ್ಯಲಾಯಿತು. ಹಗರೆಯಂತಹ ಕೂಡುರಸ್ತೆಯ ಊರಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದ ಮಗು ರಾತ್ರಿಯೊಳಗೆ ಬೆಂಗಳೂರನ್ನೋ ಮಂಗಳೂರನ್ನೋ ತಲುಪಿರುತ್ತದೆ. ಹಾಗೆ ಹೊರಟ ನಮ್ಮ ಮಕ್ಕಳು ಈಗ ಯಾರ ಮನೆಯಲ್ಲಿದ್ದಾರೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಖಚಿತವಾಗಿ ಉತ್ತರಿಸಬಲ್ಲೆವು?

ಗೋವಾದ ಮನೆಯಲ್ಲಿ ಬಾಲಕಿಗೆ ಸುಟ್ಟ ಗಾಯಗಳಾದವು, ಆಸ್ಪತ್ರೆಗೆ ಕೊಂಡೊಯ್ದರೆ ಬಾಲಕಾರ್ಮಿಕಳನ್ನು ಇಟ್ಟುಕೊಂಡ ಸಂಗತಿ ಬಯಲಾಗುತ್ತದೆಂಬ ಭಯದಿಂದ ಆಕೆಯನ್ನು ಕೊಂದು, ದೇಹವನ್ನು ತುಂಡರಿಸಿ, ಕಾಮಗಾರಿ ನಡೆಯುತ್ತಿದ್ದ ಸ್ಥಳದಲ್ಲಿ ಹೂಳಲಾಯಿತು ಎಂಬುದು ಪ್ರಾಸಿಕ್ಯೂಷನ್‌ನ ವಾದವಾಗಿತ್ತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದ ಕೇಂದ್ರ ಸರಕಾರದ ಅಧಿಸೂಚನೆಯು 2006ರ ಅಕ್ಟೋಬರ್ 10ರಂದು ಜಾರಿಗೆ ಬಂದಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಎರಡು ತಿಂಗಳು ಕಳೆಯುವಷ್ಟರಲ್ಲಿ ಈ ಕೊಲೆ ನಡೆಯಿತು. ಮಗುವನ್ನು ರಕ್ಷಿಸಬೇಕಾದ ಕಾನೂನಿನ ಭಯವು ಮಗುವನ್ನು ಬಿಡುಗಡೆ ಮಾಡುವ ಬದಲು ಮಗುವನ್ನೇ ಇಲ್ಲವಾಗಿಸಲು ಪ್ರೇರಣೆಯಾಯಿತು.

ಬಳಿಕ ಹುಡುಗಿ ಕಾಣೆಯಾಗಿದ್ದಾಳೆ ಎಂಬ ಕಥೆ ಹುಟ್ಟಿತು. ಆದೂರು ಪೊಲೀಸ್ ಠಾಣೆಯ ಕಡತದಲ್ಲಿ ಅದು ಒಂದು ಕಾಣೆ ಪ್ರಕರಣವಾಗಿಯೇ ತಿಂಗಳುಗಟ್ಟಲೆ ಉಳಿಯಿತು. ಹೆತ್ತವರು ಬಡವರು, ಬೇರೆ ರಾಜ್ಯದವರು. ಎದುರಿಗಿದ್ದವನು ಹಣವಂತ ಗುತ್ತಿಗೆದಾರ. ಕಾಸರಗೋಡಿನ ಜನರು ಕ್ರಿಯಾಸಮಿತಿ ರಚಿಸಿ ಬೀದಿಗಿಳಿಯದೆ ಇರುತ್ತಿದ್ದರೆ ಕಡತವು ಧೂಳು ತಿನ್ನುತ್ತಾ ಅಲ್ಲಿಯೇ ಇರುತ್ತಿತ್ತೇನೋ. ತನಿಖೆಯು ಕ್ರೈಂ ಬ್ರಾಂಚ್‌ಗೆ ವರ್ಗವಾಗಿ, 2008ರ ಮಧ್ಯಭಾಗದಲ್ಲಿ ಆರೋಪಿಯ ಹೇಳಿಕೆಯ ಜಾಡು ಹಿಡಿದು ಗೋವಾದಲ್ಲಿ ನೆಲ ಅಗೆದಾಗ ತಲೆಬುರುಡೆ ಮತ್ತು ಕೆಲವು ಎಲುಬುಗಳು ದೊರೆತವು.

ಮುಂದಿನ ಕೆಲಸ ವಿಧಿವಿಜ್ಞಾನದ್ದಾಗಿತ್ತು. ಒಂದು ಬುರುಡೆಯನ್ನು ನೋಡಿ ಇದು ನನ್ನ ಮಗಳೆಂದು ಯಾವ ತಾಯಿ ಗುರುತಿಸಬಲ್ಲಳು? ರಕ್ತಮಾಂಸಗಳು ಮಣ್ಣಿನಲ್ಲಿ ಕರಗಿಹೋದ ಮೇಲೂ ಹಲ್ಲಿನ ಒಳಭಾಗದಲ್ಲಿ ಮತ್ತು ಗಟ್ಟಿ ಎಲುಬುಗಳಲ್ಲಿ ಡಿಎನ್‌ಎ ಉಳಿಯಬಲ್ಲದು. ಪ್ರತಿಯೊಂದು ಮಗುವಿನ ಡಿಎನ್‌ಎಯಲ್ಲಿ ಅರ್ಧ ತಾಯಿಯಿಂದ ಬಂದದ್ದು, ಅರ್ಧ ತಂದೆಯಿಂದ ಬಂದದ್ದು. ಆದ್ದರಿಂದ ಹೆತ್ತವರಿಬ್ಬರ ರಕ್ತದ ಮಾದರಿಯೊಂದಿಗೆ ಎಲುಬಿನ ಡಿಎನ್‌ಎಯನ್ನು ಹೋಲಿಸಿದರೆ ಇದು ಇವರ ಮಗು ಹೌದೋ ಅಲ್ಲವೋ ಎಂಬುದನ್ನು ವಿಜ್ಞಾನ ಹೇಳುತ್ತದೆ. ಇಲ್ಲಿ ಹೌದೆಂದು ಹೇಳಿತು. ಹುಡುಗಿ ಎಲ್ಲಿಗೋ ಹೋಗಿದ್ದಾಳೆ ಎಂಬ ಕಥೆ ಅಲ್ಲಿಗೆ ಸತ್ತಿತು. 2015ರ ಜುಲೈಯಲ್ಲಿ ಕಾಸರಗೋಡಿನ ಸೆಶನ್ಸ್ ನ್ಯಾಯಾಲಯವು ಗುತ್ತಿಗೆದಾರನಿಗೆ ಮರಣದಂಡನೆ ವಿಧಿಸಿತು. ಕೇರಳ ಹೈಕೋರ್ಟ್ ಅದನ್ನು ಆಮೇಲೆ ಜೀವಾವಧಿ ಶಿಕ್ಷೆಗೆ ಇಳಿಸಿತು. ಗಲ್ಲೋ ಜೀವಾವಧಿಯೋ ಎಂಬ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಕೊಲೆಯಾಗಿದೆ ಎಂಬುದೇ ಸಾಬೀತಾಗದೆ ಹೋಗುವ ಅಪಾಯವಿದ್ದ ಪ್ರಕರಣವಿದು ಎಂಬುದಷ್ಟೇ ನಮ್ಮ ಗಮನದಲ್ಲಿದೆ.

ಅದೇ 2006ರ ಡಿಸೆಂಬರ್ ತಿಂಗಳ ಕೊನೆಯಲ್ಲಿ ದೆಹಲಿಯ ಪಕ್ಕದ ನೋಯ್ಡಾದ ನಿಠಾರಿಯಲ್ಲಿ ಒಂದು ಬಂಗಲೆಯ ಹಿಂದಿನ ಚರಂಡಿಯಿಂದ ಮಕ್ಕಳ ಎಲುಬುಗಳು ಹೊರಬಂದವು. ನಮ್ಮ ಮಕ್ಕಳು ಕಾಣೆಯಾಗಿದ್ದಾರೆ ಎಂದು ಅಲ್ಲಿನ ಬಡ ತಾಯಂದಿರು ಎರಡು ವರ್ಷಗಳಿಂದ ಠಾಣೆಯ ಮೆಟ್ಟಿಲು ಹತ್ತಿಳಿಯುತ್ತಲೇ ಇದ್ದರು. ಅಲ್ಲಿಯೂ ಡಿಎನ್‌ಎ ಪರೀಕ್ಷೆಯಾಯಿತು. ಎಲುಬುಗಳು ಯಾವ ಯಾವ ಮನೆಯ ಮಕ್ಕಳವು ಎಂಬುದು ತಿಳಿಯಿತು. ಆದರೆ ಕೊಂದವರು ಯಾರು? ಕೆಳ ನ್ಯಾಯಾಲಯ ಗಲ್ಲು ವಿಧಿಸಿದರೂ 2023ರಲ್ಲಿ ಅಲಹಾಬಾದ್ ಹೈಕೋರ್ಟ್ ತನಿಖೆಯ ಲೋಪಗಳನ್ನು ಕಟುವಾಗಿ ಟೀಕಿಸಿ ಆರೋಪಿಗಳನ್ನು ಖುಲಾಸೆಗೊಳಿಸಿತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಉಳಿದಿದ್ದ ಕೊನೆಯ ಪ್ರಕರಣದಲ್ಲಿಯೂ ಆರೋಪಿಯನ್ನು ಬಿಡುಗಡೆ ಮಾಡಿತು. ಆ ಮಕ್ಕಳು ಸತ್ತದ್ದು ನಿಜ, ಕೊಂದವರು ಮಾತ್ರ ಕಾನೂನಿನ ಕಣ್ಣಿನಲ್ಲಿ ಯಾರೂ ಇಲ್ಲ.

ಎಲುಬು ಯಾರದ್ದೆಂದು ಡಿಎನ್‌ಎ ಹೇಳುತ್ತದೆಯೇ ಹೊರತು, ಅದನ್ನು ಅಲ್ಲಿ ಹೂತವನು ಯಾರೆಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ತನಿಖೆ. ಯಾರು ತೋರಿಸಿದರು, ಯಾವಾಗ ತೋರಿಸಿದರು, ಪಂಚರು ಯಾರಿದ್ದರು, ವಸ್ತುವನ್ನು ಯಾರು ಮೊಹರು ಮಾಡಿದರು, ಪ್ರಯೋಗಾಲಯ ತಲುಪುವವರೆಗೆ ಅದು ಯಾರ ಕೈಯಲ್ಲಿತ್ತು ಎಂಬ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಪ್ರಯೋಗಾಲಯದ ವರದಿ ಬರೀ ಕಾಗದವಾಗುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆ ಹೇಳಿಕೆಯಿಂದಾಗಿ ಹೊಸದಾಗಿ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗವನ್ನು ಮಾತ್ರ ನ್ಯಾಯಾಲಯ ಪರಿಗಣಿಸುತ್ತದೆ. ಹಿಂದಿನ ಸಾಕ್ಷ್ಯ ಅಧಿನಿಯಮದ 27ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು, 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾನೂನೂ ಇದನ್ನೇ ಹೇಳುತ್ತದೆ.

ಈ ಎಚ್ಚರಿಕೆಯ ಬೆಲೆ ನಮ್ಮ ಸಮುದಾಯಕ್ಕೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಲಾಠಿಯ ಬಲದಿಂದ ಪಡೆದ ತಪ್ಪೊಪ್ಪಿಗೆಯ ಆಧಾರದಲ್ಲಿ ವರ್ಷಗಟ್ಟಲೆ ಜೈಲಿನಲ್ಲಿದ್ದು, ಕೊನೆಗೆ ನಿರ್ದೋಷಿಗಳೆಂದು ಹೊರಬಂದ ಯುವಕರನ್ನು ನಾವು ನೋಡಿದ್ದೇವೆ. ಒಂದು ಕಾಲದಲ್ಲಿ ಮಂಪರು ಪರೀಕ್ಷೆಯೇ ತನಿಖೆ ಎಂಬಂತಹ ವಾತಾವರಣ ಬೆಂಗಳೂರಿನಲ್ಲಿತ್ತು. ಟಿವಿಯವರು ಅದರ ದೃಶ್ಯಗಳನ್ನು ಹಬ್ಬದಂತೆ ತೋರಿಸುತ್ತಿದ್ದರು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಕರ್ನಾಟಕ ರಾಜ್ಯವೇ ಪಕ್ಷವಾಗಿದ್ದ ಸೆಲ್ವಿ ಪ್ರಕರಣದಲ್ಲಿ. ಇನ್ನು ಡಿಎನ್‌ಎ ಮೊತ್ತಮೊದಲು ಕೊಲೆ ತನಿಖೆಯಲ್ಲಿ ಬಳಕೆಯಾದಾಗ ಏನಾಯಿತು? ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಇಬ್ಬರು ಬಾಲಕಿಯರ ಕೊಲೆಯಾಗಿತ್ತು. ಒಂದು ಕೊಲೆಯನ್ನು 17ರ ಹರೆಯದ ಹುಡುಗನೊಬ್ಬ ಒಪ್ಪಿಕೊಂಡಿದ್ದ. 1986ರಲ್ಲಿ ವಿಜ್ಞಾನಿ ಅಲೆಕ್ ಜೆಫ್ರೀಸ್ ಪರೀಕ್ಷಿಸಿದಾಗ ಎರಡನ್ನೂ ಮಾಡಿದವನು ಒಬ್ಬನೇ, ಆದರೆ ಈ ಹುಡುಗನಲ್ಲ ಎಂದು ತಿಳಿಯಿತು. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಅಂದರೆ ಡಿಎನ್‌ಎ ಅಪರಾಧಿಯನ್ನು ಹಿಡಿಯುವ ಮುನ್ನ ಒಬ್ಬ ನಿರಪರಾಧಿಯನ್ನು ಉಳಿಸಿತ್ತು.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯವನ್ನು ಈ ಬೆಳಕಿನಲ್ಲಿ ಓದಬೇಕೆಂದು ನಮಗನಿಸುತ್ತದೆ. ಅಲ್ಲಿಯೂ ಕಾಣೆಯಾದ ಒಂದು ಮಗುವಿದೆ. ಮಗುವನ್ನು ಬಾವಿಗೆ ಹಾಕಿದ ಸಹೋದರರು ಸುಳ್ಳು ರಕ್ತ ಹಚ್ಚಿದ ಅಂಗಿಯನ್ನು ತಂದು ತೋಳ ತಿಂದಿತೆನ್ನುತ್ತಾರೆ. ತಂದೆ ಯಅಕೂಬ್(ಅ) ಅದನ್ನು ನಂಬುವುದಿಲ್ಲ. ಮುಂದೆ ಅದೇ ಯೂಸುಫ್(ಅ)ರ ಮೇಲೆ ಸುಳ್ಳು ಆರೋಪ ಬಂದಾಗ, ಅಂಗಿ ಎದುರಿನಿಂದ ಹರಿದಿದೆಯೋ ಹಿಂದಿನಿಂದ ಹರಿದಿದೆಯೋ ನೋಡಿರೆಂದು ಆ ಮನೆಯವರಲ್ಲೇ ಒಬ್ಬರು ಸಲಹೆ ನೀಡುತ್ತಾರೆ. ಅಂಗಿ ಹಿಂದಿನಿಂದ ಹರಿದಿರುತ್ತದೆ, ಸತ್ಯ ಬಯಲಾಗುತ್ತದೆ. ಒಂದೇ ಅಧ್ಯಾಯದಲ್ಲಿ ಒಂದು ಅಂಗಿ ಸುಳ್ಳು ಹೇಳುತ್ತದೆ, ಇನ್ನೊಂದು ಅಂಗಿ ಸತ್ಯ ಹೇಳುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ ಸಾಕ್ಷ್ಯವನ್ನು ಪರೀಕ್ಷಿಸಿರೆಂದು ಹೇಳಿದ ವ್ಯಕ್ತಿ ಆರೋಪ ಹೊರಿಸಿದವಳ ಕುಟುಂಬದವನೇ. ತನ್ನವರ ವಿರುದ್ಧ ಹೋಗಬಹುದಾದ ಸಾಕ್ಷ್ಯವನ್ನೂ ಆತ ಮುಚ್ಚಿಡಲಿಲ್ಲ.

ನಾವು ಮುಚ್ಚಿಡುತ್ತೇವೆ. ಕಾಸರಗೋಡಿನ ಪ್ರಕರಣದಲ್ಲಿ ಕೊಂದವನೂ ಕೊಲೆಯಾದವಳೂ ಒಂದೇ ಸಮುದಾಯದವರು ಎಂಬ ಕಹಿ ಸತ್ಯವನ್ನು ಮರೆಮಾಚಿ ಪ್ರಯೋಜನವಿಲ್ಲ. ಬಡ ಮನೆಯ ಹೆಣ್ಣುಮಗುವನ್ನು ಕರೆದೊಯ್ಯುವಾಗ ನಾವು ನಿಮ್ಮವರೇ, ಮಗಳಂತೆ ನೋಡಿಕೊಳ್ಳುತ್ತೇವೆ, ಮುಂದೆ ನಿಕಾಹ್ ಕೂಡ ಮಾಡಿಸುತ್ತೇವೆ ಎಂಬ ಮಾತು ನಮ್ಮ ಊರುಗಳಲ್ಲಿ ಹೊಸದಲ್ಲ. ಆ ಮಗಳು ಅವರ ಸ್ವಂತ ಮಗಳ ಪಕ್ಕದಲ್ಲಿ ಕುಳಿತು ಓದುವುದಿಲ್ಲ, ಅವಳ ತಟ್ಟೆ ತೊಳೆಯುತ್ತಾಳೆ. ಇದನ್ನು ಝಕಾತ್ ಕೊಡುವ, ಉಮ್ರಾಕ್ಕೆ ಹೋಗಿಬರುವ ಮನೆಗಳಲ್ಲಿಯೂ ಕಾಣಬಹುದು. ಮಗುವಿಗೆ ಏನಾದರೂ ಆದಾಗ ಜಮಾಅತ್‌ನ ಹಿರಿಯರು ಕುಳಿತು, ಸಮುದಾಯದ ಮರ್ಯಾದೆಯ ಪ್ರಶ್ನೆ, ಠಾಣೆಗೆ ಹೋಗುವುದು ಬೇಡವೆಂದು ಒಂದಿಷ್ಟು ಹಣ ಕೊಡಿಸಿ ಮುಗಿಸುವ ಪದ್ಧತಿಯೂ ಇದೆ. ಸಿವಿಲ್ ತಗಾದೆಯನ್ನು ಹಾಗೆ ಬಗೆಹರಿಸಲಿ. ಮಗುವಿನ ಪ್ರಾಣಹಾನಿಯ ವಿಚಾರದಲ್ಲಿ ರಾಜಿ ಮಾಡಿಸುವ ಅಧಿಕಾರವನ್ನು ಯಾರೂ ಜಮಾಅತ್‌ಗೆ ಕೊಟ್ಟಿಲ್ಲ.

ಹೀಗೆ ಕಳೆಯುವ ಒಂದೊಂದು ದಿನವೂ ಸಾಕ್ಷ್ಯವನ್ನು ತಿನ್ನುತ್ತದೆ. ನೆಲ ಗುಡಿಸಲಾಗುತ್ತದೆ, ಬಟ್ಟೆ ಒಗೆಯಲಾಗುತ್ತದೆ, ಮಳೆ ಬರುತ್ತದೆ. 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಬಕರ್‌ವಾಲ್ ಸಮುದಾಯದ ಎಂಟು ವರ್ಷದ ಬಾಲಕಿಯನ್ನು ಅಪಹರಿಸಿ ಕೊಂದ ಪ್ರಕರಣದಲ್ಲಿ ಮಗುವಿನ ಬಟ್ಟೆಯನ್ನು ಪೊಲೀಸರೇ ಒಗೆದಿದ್ದರೆಂಬುದು ತನಿಖೆಯಲ್ಲಿ ಹೊರಬಂತು. ಆದರೂ ಘಟನಾ ಸ್ಥಳದಲ್ಲಿ ಸಿಕ್ಕಿದ ಕೂದಲೆಳೆ ಮತ್ತಿತರ ವಸ್ತುಗಳನ್ನು ದೆಹಲಿಯ ಪ್ರಯೋಗಾಲಯ ಪರೀಕ್ಷಿಸಿ ಮಗುವಿನ ಡಿಎನ್‌ಎಯೊಂದಿಗೆ ತಾಳೆ ಹಾಕಿತು. 2019ರ ಜೂನ್‌ನಲ್ಲಿ ಪಠಾಣ್‌ಕೋಟ್ ನ್ಯಾಯಾಲಯವು ಆರು ಮಂದಿಯನ್ನು ದೋಷಿಗಳೆಂದು ಘೋಷಿಸಿತು. ಅವರಲ್ಲಿ ಮೂವರು ಪೊಲೀಸರಿಗೆ ಶಿಕ್ಷೆಯಾದದ್ದು ಸಾಕ್ಷ್ಯ ನಾಶಕ್ಕಾಗಿ. ಕಠುವಾದ ಮಗುವಿಗಾಗಿ ನಮ್ಮ ಊರುಗಳಲ್ಲೂ ಮೆರವಣಿಗೆಗಳು ನಡೆದವು, ನಡೆಯಬೇಕಾದದ್ದೇ. ಕೊಡಗಿನ ಮಗುವಿಗಾಗಿ ಹಾಸನ ಜಿಲ್ಲೆಯ ಎಷ್ಟು ಮಸೀದಿಗಳ ಜುಮಾ ಖುತ್ಬಾದಲ್ಲಿ ಮಾತು ಬಂದಿತ್ತೆಂದು ಓದುಗರೇ ನೆನಪಿಸಿಕೊಳ್ಳಲಿ.

ಮರಣೋತ್ತರ ಪರೀಕ್ಷೆಯ ವಿಚಾರವನ್ನೂ ಬಿಡಿಸಿ ಹೇಳಬೇಕಾಗಿದೆ. ಮಯ್ಯಿತ್‌ನ ಗೌರವ ಕಾಪಾಡಬೇಕು, ದಫನ ಬೇಗ ಆಗಬೇಕು ಎಂಬುದು ಸರಿಯೇ. ಆದರೆ ಅನುಮಾನಾಸ್ಪದ ಸಾವಿನಲ್ಲಿ ಇದನ್ನೇ ನೆಪವಾಗಿಸಿ ಪರೀಕ್ಷೆಗೆ ಅಡ್ಡಿಪಡಿಸುವುದು ಮೃತ ಮಗುವಿನ ಹಕ್ಕನ್ನು ಕಸಿಯುವುದಾಗಿದೆ. ಅಪರಾಧ ಪತ್ತೆಗಾಗಿ ಅನಿವಾರ್ಯವಾದಾಗ ಪರೀಕ್ಷೆಗೆ ಅವಕಾಶವಿದೆಯೆಂದು ಅನೇಕ ಉಲಮಾಗಳು ಅಭಿಪ್ರಾಯಪಟ್ಟಿದ್ದಾರೆ. ನಮ್ಮ ಸೀಮೆ ಕೆರೆಗಳ ಸೀಮೆ. ಕೆರೆಯಲ್ಲೋ ಬಾವಿಯಲ್ಲೋ ಮಗುವಿನ ಶವ ಸಿಕ್ಕಿದರೆ ಕಾಲು ಜಾರಿ ಬಿದ್ದಿರಬೇಕೆಂದು ಮಾತು ಮುಗಿಸಿಬಿಡುತ್ತೇವೆ. ಮಗು ಬದುಕಿದ್ದಾಗಲೇ ನೀರಿಗೆ ಬಿದ್ದಿದ್ದರೆ, ಉಸಿರಾಡುವ ಯತ್ನದಲ್ಲಿ ಕೆರೆಯ ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಎಲುಬಿನ ಮಜ್ಜೆಯವರೆಗೂ ತಲುಪಬಲ್ಲದು. ಕೊಂದು ಎಸೆದಿದ್ದರೆ ಅದು ಸಾಮಾನ್ಯವಾಗಿ ಹಾಗೆ ತಲುಪುವುದಿಲ್ಲ, ಏಕೆಂದರೆ ರಕ್ತ ಸಂಚಾರ ಆಗಲೇ ನಿಂತಿರುತ್ತದೆ. ಈ ಒಂದು ಪರೀಕ್ಷೆಯಿಂದಲೇ ಎಲ್ಲವೂ ತೀರ್ಮಾನವಾಗದಿದ್ದರೂ, ಕೇಳದೆ ಹೂತುಬಿಟ್ಟ ಮೇಲೆ ತೀರ್ಮಾನಿಸಲು ಏನೂ ಉಳಿಯುವುದಿಲ್ಲ. ಜೀವಂತ ಹೂಳಲ್ಪಟ್ಟ ಹೆಣ್ಣುಮಗುವನ್ನು, ಯಾವ ಅಪರಾಧಕ್ಕಾಗಿ ನಿನ್ನನ್ನು ಕೊಲ್ಲಲಾಯಿತೆಂದು ಪುನರುತ್ಥಾನದ ದಿನ ಪ್ರಶ್ನಿಸಲಾಗುವುದೆಂದು ನಂಬುವ ಸಮುದಾಯ ನಮ್ಮದು. ಆ ಪ್ರಶ್ನೆಯನ್ನು ಇಲ್ಲಿಯೇ ಕೇಳಬಾರದೆಂದು ಎಲ್ಲಿಯೂ ಹೇಳಿಲ್ಲ.

ಮಗು ಕಾಣೆಯಾದರೆ 24 ಗಂಟೆ ಕಾಯಬೇಕೆಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಮಗು ಕಾಣೆಯಾದ ದೂರು ಬಂದ ಕೂಡಲೇ ಅಪಹರಣವೋ ಸಾಗಾಟವೋ ಆಗಿರಬಹುದೆಂದು ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಆದೇಶಿಸಿದೆ. ಕೊಡಗಿನ ಹೆತ್ತವರಿಗೆ ಆ ಆದೇಶದ ಬಲವಿರಲಿಲ್ಲ, ನಮಗಿದೆ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದ್ದು, ಅಲ್ಲಿಗೆ ಹೋಗಿ ಎಂದು ಹೇಳುವಂತೆಯೂ ಇಲ್ಲ. ಯಾವ ಠಾಣೆಯಲ್ಲಿಯೂ ದೂರು ಕೊಡಬಹುದೆಂದು 2024ರ ಹೊಸ ಸಂಹಿತೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ. ದೂರು ಕೊಟ್ಟವರು ಮಗುವಿನ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಒಗೆಯದ ಬಟ್ಟೆಗಳನ್ನು ಮುಟ್ಟದೆ ತೆಗೆದಿಡಬೇಕು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿದು ಕೆಡುತ್ತದೆ. ನೆರಳಲ್ಲಿ ಒಣಗಿದ ಮೇಲೆ ಕಾಗದದ ಚೀಲದಲ್ಲಿಡುವುದು ಸರಿಯಾದ ಕ್ರಮ.

ಸರಕಾರದ ಪಾಲಿನ ಹೊಣೆಯೂ ಸಣ್ಣದಲ್ಲ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಬರುವುದನ್ನು ಹೊಸ ಸಂಹಿತೆಯ 176ನೇ ಸೆಕ್ಷನ್ ಕಡ್ಡಾಯಗೊಳಿಸಿದೆ. ಇದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವನ್ನೂ ಕೊಟ್ಟಿದೆ. ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಹಳೇಬೀಡಿನ ಹೊಲವೊಂದರಲ್ಲಿ ಕೃತ್ಯ ನಡೆದರೆ ತಜ್ಞರು ಎಷ್ಟು ಗಂಟೆಯೊಳಗೆ ಅಲ್ಲಿರುತ್ತಾರೆ, ಅಷ್ಟರವರೆಗೆ ಸ್ಥಳವನ್ನು ಯಾರು ಕಾಯುತ್ತಾರೆ, ವರದಿ ಎಷ್ಟು ತಿಂಗಳಲ್ಲಿ ಬರುತ್ತದೆ ಎಂಬುದನ್ನು ಬೇಲೂರು ಮತ್ತು ಅರಸೀಕೆರೆಯ ಶಾಸಕರು ವಿಧಾನಸಭೆಯಲ್ಲಿ ಕೇಳಲಿ. ಮೊಹಲ್ಲಾಗಳಿಗೆ ಮತ ಕೇಳಲು ಬರುವವರಿಗೆ ಈ ಪ್ರಶ್ನೆಯನ್ನು ನಾವೂ ಕೇಳೋಣ.

ಅದಕ್ಕೂ ಮುಂಚೆ, ಯಾರನ್ನೂ ಕೇಳದೆ ನಾವೇ ಮಾಡಬಹುದಾದ ಒಂದು ಕೆಲಸವಿದೆ. ನಿಕಾಹ್‌ಗೆ ದಫ್ತರವಿಡುವ, ಚಂದಾ ಬಾಕಿಗೆ ದಫ್ತರವಿಡುವ ನಮ್ಮ ಜಮಾಅತ್‌ಗಳು, ಊರು ಬಿಟ್ಟು ಹೋದ 18 ವರ್ಷದೊಳಗಿನ ಮಕ್ಕಳಿಗೂ ಒಂದು ದಫ್ತರ ತೆರೆಯಲಿ. ಮಗು ಓದಲು ಹೋಗಿದೆಯೋ ಕೆಲಸಕ್ಕೆ ಹೋಗಿದೆಯೋ, ಯಾರ ಮನೆಯಲ್ಲಿದೆ, ಫೋನ್ ಸಂಖ್ಯೆ ಯಾವುದು, ಕೊನೆಯ ಬಾರಿ ತಾಯಿಯೊಂದಿಗೆ ಮಾತನಾಡಿದ್ದು ಯಾವಾಗ ಎಂಬುದನ್ನು ಅದರಲ್ಲಿ ಬರೆಯಲಿ. 14 ವರ್ಷದೊಳಗಿನ ಮಗು ಕೆಲಸಕ್ಕಿದೆಯೆಂದು ತಿಳಿದುಬಂದರೆ ಆ ವಾರವೇ ಕರೆತರಲಿ. ಮಗುವನ್ನು ಇಟ್ಟುಕೊಂಡ ಯಜಮಾನ ಜಮಾಅತ್‌ನ ಅಧ್ಯಕ್ಷನೇ ಆಗಿದ್ದರೂ ಸರಿಯೇ.