ಬಲಿಷ್ಠ ಪಾತ್ರವೆಂಬ ಭ್ರಮೆ

ಕಳೆದ ತಿಂಗಳ ಸದಸ್ಯರ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ತಡೆದು, "ನಮ್ಮ ಮೊಮ್ಮಗ ಕಂಪ್ಯೂಟರಿನ್ಯಾಗ ಆ ಮಾಂತ್ರಿಕರ ಆಟ ಸುರು ಮಾಡ್ಯಾನ್ರಿ. ನೀವೂ ಮೊದಲ ಆಡತಿದ್ರಂತಲ್ಲ, ಯಾವ ಕ್ಲಾಸ್ ತಗೊಂಡ್ರ ಸ್ಟ್ರಾಂಗ್ ಅಂತ ಹೇಳ್ರಿ" ಎಂದರು. ಆ ದನಿಯಲ್ಲಿದ್ದ ಕಾತರ ನಮಗೆ ಹೊಸದಲ್ಲ. ಹನ್ನೆರಡನೆಯ ಇಯತ್ತೆ ಮುಗಿಸಿದ ಮಗುವಿಗೆ ಯಾವ ಬ್ರಾಂಚ್ ಕೊಡಿಸಬೇಕೆಂದು ಕೇಳುವಾಗಲೂ ಇದೇ ದನಿ. ಪ್ರಶ್ನೆಯೇ ತಪ್ಪು ಎಂದು ಅಲ್ಲಿ ಹೇಳಲಾಗಲಿಲ್ಲ; ಕೈಯಲ್ಲಿ ತಟ್ಟೆಯಿತ್ತು, ಹಿಂದೆ ಜನರಿದ್ದರು. ಇಲ್ಲಿ ಹೇಳುತ್ತೇವೆ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಹೊರತಂದರು. ಕಾಗದ, ಪೆನ್ಸಿಲು, ದಾಳ, ಉಳಿದದ್ದು ಕಲ್ಪನೆ. ಆಗ ಆಡುವವನು ಯೋಧ, ಮಾಂತ್ರಿಕ, ಪುರೋಹಿತ ಈ ಮೂರರಲ್ಲಿ ಒಂದಾಗಬೇಕಿತ್ತು. ಇದಕ್ಕೇ ಕ್ಲಾಸ್ ಎಂದು ಹೆಸರು. ಮುಂದೆ ಸಾವಿರಾರು ಜನ ಇಂಟರ್‌ನೆಟ್ಟಿನಲ್ಲಿ ಏಕಕಾಲಕ್ಕೆ ಕೂಡಿ ಆಡುವ ಆಟಗಳು ಬಂದವು. 1999ರ 'ಎವರ್‌ಕ್ವೆಸ್ಟ್' 14 ಕ್ಲಾಸುಗಳೊಡನೆ ಬಂತು. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 9ರಿಂದ ಆರಂಭವಾಗಿ 2022ರ ಹೊತ್ತಿಗೆ 13ಕ್ಕೆ ಬೆಳೆಯಿತು. ಈ ವಾರ್‌ಕ್ರಾಫ್ಟಿನಲ್ಲಿ ಒಮ್ಮೆ ಆರಿಸಿದ ಕ್ಲಾಸನ್ನು ಬದಲಿಸುವಂತಿಲ್ಲ. ಬೇಡವೆಂದರೆ ಹೊಸ ಪಾತ್ರ ಹುಟ್ಟಿಸಿ ಮತ್ತೆ ಮೆಟ್ಟಲು ಹತ್ತಬೇಕು. ಕಾತರಕ್ಕೆ ಕಾರಣವಿಲ್ಲದಿಲ್ಲ.

ಈ ಕಾತರದ ಮೇಲೆ ಪಟ್ಟಿಗಳ ದಂಧೆ ನಡೆದಿದೆ. ಪ್ರತಿಯೊಂದು ಕ್ಲಾಸಿಗೂ ಒಂದು ದರ್ಜೆ: 'ಎಸ್' ಎಂದರೆ ಸರ್ವೋತ್ತಮ, ಅದರ ಕೆಳಗೆ ಎ, ಬಿ, ಸಿ. ಮಕ್ಕಳು ಇದನ್ನು ಪಂಚಾಂಗದಂತೆ ನೋಡಿಕೊಂಡು ಪಾತ್ರ ಆರಿಸುತ್ತಾರೆ. ಇಂಥ ಪಟ್ಟಿಯಿಂದ ಹುಡುಗನೊಬ್ಬನ ಆಟ ಸುಧಾರಿಸಿದ್ದನ್ನು ನಾವು ಕಂಡಿಲ್ಲ, ಕೆಟ್ಟದ್ದನ್ನು ಕಂಡಿದ್ದೇವೆ.

ಬಲಿಷ್ಠ ಎನ್ನುವಿರಿ, ಯಾವಾಗ ಬಲಿಷ್ಠ? 1974ರ ಆ ಮೂಲ ಆಟದಲ್ಲಿ ಮೊದಲ ಮಟ್ಟದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ. ಅದು ಮುಗಿದರೆ ಅವನು ಚೂರಿ ಹಿಡಿದ ಬಡಪಾಯಿ. ಅದೇ ಮಾಂತ್ರಿಕ ಹತ್ತು ಮಟ್ಟ ದಾಟಲಿ, ಯೋಧ ಅವನೆದುರು ಕೂಲಿಯಾಳಾಗಿಬಿಡುತ್ತಾನೆ. ವಾರ್‌ಕ್ರಾಫ್ಟಿನ ಮೊದಲ ವರ್ಷಗಳಲ್ಲಿ ಇದು ತಿರುಗುಮುರುಗಾಗಿತ್ತು. ಅಲ್ಲಿನ ವಾರಿಯರ್ ಒಂಟಿಯಾಗಿ ಮೇಲೇರುವುದರಲ್ಲಿ ಎಲ್ಲರಿಗಿಂತ ಹಿಂದು; ಎರಡು ವೈರಿಗಳು ಒಟ್ಟಿಗೆ ಮೇಲೆ ಬಿದ್ದರೆ ಸ್ಮಶಾನವೇ ಗತಿ. ಆದರೆ ಒಳ್ಳೆಯ ಖಡ್ಗ ಸಿಕ್ಕ ಮೇಲೆ ಅವನನ್ನು ಹಿಡಿಯುವವರಿಲ್ಲ. ಹೊಡೆದಷ್ಟೂ, ಹೊಡೆಸಿಕೊಂಡಷ್ಟೂ ಅವನ ರೋಷ ಏರುವುದು, ಆ ರೋಷವೇ ಅವನ ಮುಂದಿನ ಏಟಿಗೆ ಬಂಡವಾಳ. ಪಟ್ಟಿ ಹೇಳುವುದು ಈ ಕೊನೆಯ ಮಾತನ್ನು ಮಾತ್ರ. ಅಲ್ಲಿಗೆ ಮುಟ್ಟುವ ಮೊದಲೇ ಬೇಸತ್ತು ಬಿಟ್ಟವರ ಲೆಕ್ಕ ಅದರಲ್ಲಿಲ್ಲ.

ಇನ್ನು ಆ ಬಲವಾದರೂ ಯಾರ ಸ್ವತ್ತು? 2008ರ ನವೆಂಬರಿನಲ್ಲಿ ವಾರ್‌ಕ್ರಾಫ್ಟಿಗೆ 'ಡೆತ್ ನೈಟ್' ಎಂಬ ಹೊಸ ಕ್ಲಾಸ್ ಬಂತು. ಅದು ಹುಟ್ಟುವಾಗಲೇ 55ನೆಯ ಮಟ್ಟದಲ್ಲಿ ಹುಟ್ಟುತ್ತಿತ್ತು. ಆರಂಭದಲ್ಲಿ ಅದರ ಹೊಡೆತಕ್ಕೆ ಎದುರಿರಲಿಲ್ಲ. ನಾವೂ ಆಗ ಆಡುತ್ತಿದ್ದೆವು. ಸಾಕಿದ ಪಾತ್ರಗಳನ್ನು ಮೂಲೆಗೆ ತಳ್ಳಿ ಊರಿಗೆ ಊರೇ ಡೆತ್ ನೈಟ್ ಆಗಿಹೋಯಿತು. ಬಳಿಕ ಕಂಪನಿಯವರು ಒಂದೊಂದಾಗಿ ಅದರ ಉಗುರು ಕತ್ತರಿಸುತ್ತ ಬಂದರು. ಹೀಗೆ ಬಲ ತಗ್ಗಿಸುವುದಕ್ಕೆ ಆಟಗಾರರ ಭಾಷೆಯಲ್ಲಿ 'ನರ್ಫ್' ಎನ್ನುತ್ತಾರೆ. ನರ್ಫ್ ಎಂಬುದು ಸ್ಪಂಜಿನಂಥ ಮೆತ್ತನೆಯ ಆಟಿಕೆಗಳ ಹೆಸರು. 1997ರ 'ಅಲ್ಟಿಮಾ ಆನ್‌ಲೈನ್'ನಲ್ಲಿ ಕತ್ತಿಗಳ ಬಲ ತಗ್ಗಿಸಿದಾಗ, ನಮ್ಮ ಕೈಗೆ ಸ್ಪಂಜಿನ ಕತ್ತಿ ಕೊಟ್ಟರೆಂದು ಜನ ಗೊಣಗಿದ್ದರಿಂದ ಈ ಮಾತು ಹುಟ್ಟಿತಂತೆ. ಬೇರೊಬ್ಬರು ಒಂದು ಅಂಕಿ ತಿದ್ದಿದರೆ ಕರಗಿಹೋಗುವ ಬಲವನ್ನು ನಂಬಿ ಪಾತ್ರ ಆರಿಸುವುದು ಎಷ್ಟರಮಟ್ಟಿನ ವಿವೇಕ?

ಎಲ್ಲಿ ಕುಳಿತು ಆಡುತ್ತೇವೆ ಎಂಬುದೂ ಇದೆ. ನಾವು ಆಡುತ್ತಿದ್ದ ಸರ್ವರ್ ಯುರೋಪಿನಲ್ಲಿತ್ತು. ಬಿ.ಎಸ್ಸಿ. ಓದಿದ್ದು ಎಲ್ಲಿಯಾದರೂ ಉಪಯೋಗಕ್ಕೆ ಬರಲೆಂದು ಲೆಕ್ಕ ಹಾಕಿದೆವು: ಮುಂಬಯಿಯಿಂದ ಫ್ರಾಂಕ್‌ಫರ್ಟಿಗೆ ಸುಮಾರು 6,500 ಕಿಲೋಮೀಟರು, ಹೋಗಿಬರಲು 13,000. ಗಾಜಿನ ತಂತಿಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ 2 ಲಕ್ಷ ಕಿಲೋಮೀಟರು. ಅಂದರೆ ಕೇಬಲ್ಲು ನೆಟ್ಟಗೆ ಹೋದರೂ ಸೆಕೆಂಡಿನ 65 ಸಾವಿರಾಂಶ ತಡ ತಪ್ಪಿದ್ದಲ್ಲ. ಕೇಬಲ್ಲು ನೆಟ್ಟಗೆ ಹೋಗುವುದಿಲ್ಲ. ನಮಗೆ ಇದರ ಎರಡರಷ್ಟಕ್ಕೂ ಹೆಚ್ಚು ತಡವಾಗುತ್ತಿತ್ತು. ವೈರಿ ಮಂತ್ರ ಆರಂಭಿಸಿದ ಕ್ಷಣವೇ ಅದನ್ನು ತಡೆಯಬೇಕಾದ ಕ್ಲಾಸನ್ನು ಪಟ್ಟಿ ನೋಡಿ ಆರಿಸಿದ್ದ ನಾವು, ಪ್ರತಿ ಸಲವೂ ರೈಲು ಹೊರಟ ಮೇಲೆ ಪ್ಲಾಟ್‌ಫಾರಂ ಮುಟ್ಟುತ್ತಿದ್ದೆವು. ಅದೇ ವಾರ್‌ಲಾಕನ ಶಾಪವನ್ನು ನೋಡಿ. ಒಮ್ಮೆ ಹಾಕಿದರೆ ಸಾಕು, ನಮ್ಮ ತಂತಿ ಎಷ್ಟೇ ಕುಂಟಲಿ, ಅದು ಅಲ್ಲೇ ಸರ್ವರಿನಲ್ಲಿ ಕೂತು ವೈರಿಯನ್ನು ತಿನ್ನುತ್ತಿರುತ್ತದೆ. ಜರ್ಮನಿಯವನ 'ಎಸ್' ದರ್ಜೆ ಪುಣೆಯವನಿಗೆ 'ಸಿ' ಆಗಬಹುದೆಂದು ಯಾವ ಪಟ್ಟಿಯೂ ನಮಗೆ ಹೇಳಿರಲಿಲ್ಲ.

ಇವೆಲ್ಲ ಚಿಲ್ಲರೆ ಮಾತು. ನಮ್ಮ ಮುಖ್ಯ ತಕರಾರು ಬೇರೆಯದು. ಈ ಆಟಗಳು ಒಂಟಿ ಜಟ್ಟಿಯ ಕುಸ್ತಿಗಳಲ್ಲ. ವಾರ್‌ಕ್ರಾಫ್ಟಿನ ಗುಹೆಯೊಳಕ್ಕೆ ಇಳಿಯುವ ತಂಡದಲ್ಲಿ ಐವರು: ಎದುರು ನಿಂತು ಏಟು ತಿನ್ನುವ 'ಟ್ಯಾಂಕ್' ಒಬ್ಬ, ಗಾಯ ಮಾಯಿಸುವ 'ಹೀಲರ್' ಒಬ್ಬ, ಹೊಡೆಯುವವರು ಮೂವರು. ಪಟ್ಟಿ ಓದಿ ಬಂದವರಲ್ಲಿ ಬಹುಮಂದಿಗೆ ಹೊಡೆಯುವ ಆಸೆ. 2009ರ ಡಿಸೆಂಬರಿನಲ್ಲಿ ತಂಡ ಕೂಡಿಸಿಕೊಡುವ ಯಂತ್ರವ್ಯವಸ್ಥೆ ಬಂದಾಗ ಈ ಅಸಮತೋಲ ಬಟಾಬಯಲಾಯಿತು. ಹೊಡೆಯುವವರು ರೇಷನ್ ಅಂಗಡಿಯ ಮುಂದೆ ನಿಂತಂತೆ ಕಾಯುತ್ತಿದ್ದರು. ಟ್ಯಾಂಕ್ ಆದವನು ಗುಂಡಿ ಒತ್ತಿದೊಡನೆ ಒಳಗೆ. ಕಡೆಗೆ 2011ರಲ್ಲಿ, ಕೊರತೆಯಿರುವ ಪಾತ್ರ ವಹಿಸುವವರಿಗೆ ಬೇರೆಯದೇ ಇನಾಮು ಕೊಡುವ ಏರ್ಪಾಡು ಮಾಡಬೇಕಾಯಿತು. ಜನ ಯಾವುದನ್ನು ಬಲಿಷ್ಠವೆಂದು ಮುಗಿಬಿದ್ದರೋ ಅದು ಅಗ್ಗವಾಯಿತು, ಯಾವುದನ್ನು ಒಲ್ಲೆನೆಂದರೋ ಅದಕ್ಕೆ ಲಂಚ ಕೊಟ್ಟು ಕರೆಯಬೇಕಾಯಿತು.

'ಎವರ್‌ಕ್ವೆಸ್ಟ್'ನ ಕ್ಲೆರಿಕ್‌ಗಳ ಕತೆ ಇದಕ್ಕಿಂತ ಸೊಗಸು. ದೊಡ್ಡ ಡ್ರ್ಯಾಗನ್ನಿನ ಮುಂದೆ ನಿಂತ ಯೋಧನನ್ನು ಬದುಕಿಸುತ್ತಿದ್ದುದು 'ಕಂಪ್ಲೀಟ್ ಹೀಲ್' ಎಂಬ ಒಂದು ಮಂತ್ರ. ಅದನ್ನು ಪೂರೈಸಲು 10 ಸೆಕೆಂಡು ಬೇಕು, ಅಷ್ಟರಲ್ಲಿ ಯೋಧ ಸತ್ತಿರುತ್ತಾನೆ. ಆದ್ದರಿಂದ ಹಲವು ಕ್ಲೆರಿಕ್‌ಗಳು ಸರದಿ ಹಚ್ಚಿಕೊಂಡು, ಒಬ್ಬರ ಹಿಂದೊಬ್ಬರು ಕೆಲವೇ ಸೆಕೆಂಡುಗಳ ಅಂತರದಲ್ಲಿ ಮಂತ್ರ ಆರಂಭಿಸುತ್ತಿದ್ದರು. ಒಬ್ಬ ತನ್ನದು ಸುರುವಾಯಿತೆಂದು ಬರೆದು ತಿಳಿಸಿದರೆ ಮುಂದಿನವ ಎಣಿಸತೊಡಗುವನು. ನಡುವೆ ಒಬ್ಬ ತೂಕಡಿಸಿದನೋ, ಇಡೀ ದಂಡು ಮಣ್ಣುಪಾಲು. ಒಂಟಿಯಾಗಿ ಬಿಟ್ಟರೆ ಈ ಕ್ಲೆರಿಕ್‌ನ ಹೊಡೆತ ಹೇಳಿಕೊಳ್ಳುವಂಥದಲ್ಲ. ಯಕ್ಷಗಾನದ ಭಾಗವತರು ಕಿರೀಟ ತೊಡುವುದಿಲ್ಲ, ಕುಣಿಯುವುದಿಲ್ಲ. ಅವರಿಗೆ ಯಾವ ದರ್ಜೆ ಕೊಡುತ್ತೀರಿ?

ಜಗತ್ತಿನಲ್ಲೇ ಮೊದಲು ಗೆಲ್ಲಲು ಹಟ ತೊಟ್ಟ ತಂಡಗಳಿಗೆ ಪಟ್ಟಿ ಬೇಕು, ಒಪ್ಪಿದೆವು. ಅವರು 20 ಮಂದಿ ಕೂಡಿ ವಾರಗಟ್ಟಲೆ ಹಗಲಿರುಳು ಆಡುವವರು, ಒಬ್ಬೊಬ್ಬರೂ ಹಲವು ಪಾತ್ರಗಳನ್ನು ಸಾಕಿಟ್ಟುಕೊಂಡವರು. ಅವರ ಅಳತೆಗೆ ಹೊಲಿದ ಅಂಗಿಯನ್ನು, ಟ್ಯೂಷನ್ ಮುಗಿಸಿ ಒಂದು ಗಂಟೆ ಆಡುವ ನಮ್ಮ ಮಕ್ಕಳಿಗೆ ತೊಡಿಸುವುದೇಕೆ?

ಇಷ್ಟು ಕಟುವಾಗಿ ಬರೆಯಲು ಕಾರಣ ನಮ್ಮ ಮನೆಯಲ್ಲೇ ಇದೆ. ನಮ್ಮ ಹುಡುಗ ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಡ್ರೂಯಿಡ್ ಎಂಬ ಕ್ಲಾಸ್ ಆರಿಸಿ ಹೀಲರ್ ಆಗಿದ್ದ. ಅವನೂ ಶಾಲೆಯ ನಾಲ್ವರು ಗೆಳೆಯರೂ ಸೇರಿ ಸರಿಯಾಗಿ ಐವರು. ಶನಿವಾರ ಸಂಜೆಯಾದರೆ ಅವನ ಕೋಣೆಯಿಂದ ಮರಾಠಿ, ಕನ್ನಡ, ಹಿಂದಿ ಮೂರರಲ್ಲೂ ಕೂಗಾಟ. ವರ್ಷದ ಮೇಲೆ ಹೀಗೆ ನಡೆಯಿತು. ಒಂದು ದಿನ ಪಟ್ಟಿಯೊಂದರಲ್ಲಿ ಅವನ ಡ್ರೂಯಿಡ್ 'ಸಿ' ದರ್ಜೆಗೆ ಇಳಿದಿತ್ತು. ಏನು ಮಾಡಲೆಂದು ಕೇಳಿದ. "ಆಡೋದಾದ್ರ ಗೆಲ್ಲೂವಂಥಾದ್ದು ಆಡು" ಎಂದವರು ನಾವೇ. ಕಚೇರಿಯಿಂದ ಆಗತಾನೆ ಬಂದಿದ್ದೆವು, ತಲೆ ಎತ್ತಿ ನೋಡಿರಲೂ ಇಲ್ಲ. ಅವನು 'ಎಸ್' ದರ್ಜೆಯ ಹೊಡೆಯುವ ಪಾತ್ರ ಮಾಡಿಕೊಂಡು ಎರಡು ತಿಂಗಳು ಒಬ್ಬನೇ ಮಟ್ಟ ಏರಿಸಿದ. ಅತ್ತ ನಾಲ್ವರಿಗೆ ಹೀಲರ್ ಇಲ್ಲ. ಅಪರಿಚಿತರನ್ನು ಕರೆದರು, ಜಗಳಗಳಾದವು, ಒಬ್ಬ ಬಿಟ್ಟ, ಮತ್ತೊಬ್ಬ ಬಿಟ್ಟ. ಇವನು ಬಲಿಷ್ಠನಾಗಿ ಮರಳುವಷ್ಟರಲ್ಲಿ ತಂಡವೇ ಇರಲಿಲ್ಲ. ಈಗ ಶನಿವಾರ ಅವನ ಕೋಣೆಯಲ್ಲಿ ಸದ್ದಿಲ್ಲ. ಗುಂಡಿ ಒತ್ತಿ ಸರದಿಗೆ ಕಾಯುತ್ತಿರುತ್ತಾನೆ.

ಆ ಹಿರಿಯರು ಕೈ ತೊಳೆಯುವಲ್ಲಿ ಮತ್ತೆ ಸಿಕ್ಕರು. "ಹೇಳಲಿಲ್ಲಲ್ರೀ, ಯಾವುದು ತಗೊಳ್ಳಲಿ ಅಂತ ಹೇಳ್ಲಿ ಅವಂಗ?"

"ಅವನ ಜೋಡಿ ಯಾರ್ಯಾರು ಆಡ್ತಾರ್ರಿ?" ಎಂದು ಕೇಳಿದೆವು.

"ಇದ್ದಾರ ಮೂರ್ನಾಕ ಮಂದಿ ಗೆಳೆಯಾರು."

"ಅವರು ಏನೇನು ತಗೊಂಡಾರ?"

ಅದು ಅವರಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದು ಹೇಳಿ ಕಳಿಸಿದ್ದೇವೆ.