ಮನೆ ಸಾಲ: ಮೊದಲೇ ತೀರಿಸುವವರ ಲೆಕ್ಕ

ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಸೀಟು ಸಿಕ್ಕವರು ನಿದ್ದೆ ಮಾಡುತ್ತಾರೆ, ಸಿಗದವರು ನಿಂತುಕೊಂಡೇ ಸಂಸಾರದ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಈಗ ಮನೆ ಸಾಲದ್ದೇ ದೊಡ್ಡ ಪಾಲು. ‘ಅರಿಯರ್ಸ್ ಬಂದಿದೆ ಅಣ್ಣಾ, ಒಂದು ಲಕ್ಷ. ಬ್ಯಾಂಕಿಗೆ ಕಟ್ಟಿಬಿಡಲೋ, ಮಗಳ ಕಾಲೇಜಿಗೆ ಅಂತ ಇಟ್ಟುಕೊಳ್ಳಲೋ?’ ಎಂದು ಒಬ್ಬರು ಕೇಳುತ್ತಾರೆ. ‘ಸಾಲ ಅಂದರೆ ಶೂಲ ಕಣಪ್ಪ, ಮೊದಲು ಅದನ್ನು ಕಳಕೋ’ ಎನ್ನುತ್ತಾರೆ ಹಿರಿಯರು. ‘ಇಷ್ಟು ಕಡಿಮೆ ಬಡ್ಡಿಗೆ ಇನ್ನೆಲ್ಲಿ ದುಡ್ಡು ಹುಟ್ಟುತ್ತೆ, ಸುಮ್ಮನಿರು’ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಉಳಿದ ಅರ್ಧವನ್ನು ತಿಳಿಯಲು ಕ್ಯಾಲ್ಕುಲೇಟರ್ ಬೇಕು. ಜತೆಗೆ ಕೋಲಾರ ಚಿನ್ನದ ಗಣಿಯ ಕಥೆಯನ್ನೂ ಸ್ವಲ್ಪ ನೆನೆಯಬೇಕು.

ಕೆ.ಜಿ.ಎಫ್.ನ ಹಳೆಯ ತಲೆಮಾರಿಗೆ ಮನೆ ಸಾಲವೆಂಬುದು ಹೆಚ್ಚು ಪರಿಚಯವಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಗಣಿಯ ಸುತ್ತ ಕಾರ್ಮಿಕರ ಲೈನ್ ಮನೆಗಳು ಎದ್ದವು. ಕೆಲಸದ ಜತೆ ಮನೆ ಬರುತ್ತಿತ್ತು. ಗಣಿ ಖಾಸಗಿ ಕಂಪನಿಯ ಕೈಯಿಂದ ಸರ್ಕಾರದ ಕೈಗೆ ಬಂದು, ಭಾರತ್ ಗೋಲ್ಡ್ ಮೈನ್ಸ್ ಆದಾಗಲೂ ಅದೇ ಪದ್ಧತಿ. ಮನೆಯನ್ನು ಕಟ್ಟುವ ಗೋಜಿಲ್ಲ, ಕಂತು ಕಟ್ಟುವ ಚಿಂತೆಯಿಲ್ಲ. ಆದರೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಂಬಳ ನಿಂತಿತು, ಅದರ ಜತೆಗೇ ತಲೆಯ ಮೇಲಿನ ಸೂರು ಯಾರದು ಎಂಬ ಪ್ರಶ್ನೆಯೂ ಎದ್ದಿತು. ಆ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿತು. ಅದನ್ನು ಕಣ್ಣಾರೆ ಕಂಡ ಮಕ್ಕಳು ದೊಡ್ಡವರಾಗಿ, ಬೆಂಗಳೂರಿನಲ್ಲೋ ಬೆಮೆಲ್ ಕಾರ್ಖಾನೆಯಲ್ಲೋ ಕೆಲಸ ಹಿಡಿದು, ಬಂಗಾರಪೇಟೆಯಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಸ್ವಂತ ಮನೆ ಬೇಕೆಂಬ ಹಟ ಆ ಊರಿನ ನೆನಪಿನಲ್ಲೇ ಇದೆ. ಆ ಹಟಕ್ಕೆ ಬ್ಯಾಂಕು ದುಡ್ಡು ಕೊಟ್ಟಿದೆ, ಮನೆಯ ಪತ್ರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದೆ.

ಈಗ ಲೆಕ್ಕ. 20 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು 17,356 ರೂಪಾಯಿ. ಮೊದಲ ತಿಂಗಳು ಬಡ್ಡಿಯೆಷ್ಟು? 20 ಲಕ್ಷವನ್ನು 0.085ರಿಂದ ಗುಣಿಸಿ 12ರಿಂದ ಭಾಗಿಸಿದರೆ 14,166 ರೂಪಾಯಿ. ಅಂದರೆ ಅಸಲಿಗೆ ಹೋದದ್ದು ಬರೀ 3,190. ಎರಡನೆಯ ತಿಂಗಳು ಉಳಿದ ಅಸಲಿನ ಮೇಲೆ ಮತ್ತೆ ಬಡ್ಡಿ. ಹೀಗೆ ಹನ್ನೆರಡು ಸಲ ಮಾಡಿದರೆ, ವರ್ಷವಿಡೀ ಕಟ್ಟಿದ 2 ಲಕ್ಷ 8 ಸಾವಿರದಲ್ಲಿ ಅಸಲು ಕರಗಿರುವುದು 40 ಸಾವಿರಕ್ಕೂ ಕಡಿಮೆ ಎಂಬುದು ಕಾಣುತ್ತದೆ. ಪ್ರಥಮ ಪಿ.ಯು.ಸಿ.ಯಲ್ಲಿ ಗುಣೋತ್ತರ ಶ್ರೇಢಿ ಓದುತ್ತಿರುವ ಮಕ್ಕಳು ಒಂದು ಹಾಳೆಯ ಮೇಲೆ ಈ ಹನ್ನೆರಡು ಸಾಲು ಬರೆದು ಅಪ್ಪ ಅಮ್ಮನಿಗೆ ತೋರಿಸಬಹುದು. ಪಠ್ಯಪುಸ್ತಕದ ಆ ಅಧ್ಯಾಯ ಯಾವುದಕ್ಕೆ ಉಪಯೋಗ ಎಂದು ಕೇಳುವವರಿಗೆ ಉತ್ತರ ಮನೆಯಲ್ಲೇ ಇದೆ.

ಹತ್ತು ವರ್ಷ ಕಳೆದರೆ ಅರ್ಧ ಸಾಲ ತೀರಿತು ಎಂದೇ ಬಹಳ ಮಂದಿ ತಿಳಿದಿರುತ್ತಾರೆ. ಈ ಸಾಲದಲ್ಲಿ ಹತ್ತು ವರ್ಷಕ್ಕೆ ಕಟ್ಟಿದ್ದು ಸುಮಾರು 20 ಲಕ್ಷ 83 ಸಾವಿರ. ಇನ್ನೂ ಬಾಕಿ ಇರುವುದು ಹತ್ತಿರ ಹತ್ತಿರ 14 ಲಕ್ಷ! ಅಸಲು ಅರ್ಧಕ್ಕೆ ಇಳಿಯುವುದು ಹದಿಮೂರು ವರ್ಷ ಹತ್ತು ತಿಂಗಳ ಹೊತ್ತಿಗೆ. ಇದರಲ್ಲಿ ಮೋಸವೇನೂ ಇಲ್ಲ. ಬಾಕಿ ಇರುವ ಮೊತ್ತದ ಮೇಲೆ ಬಡ್ಡಿ, ಅಷ್ಟೇ. ಬಾಕಿ ದೊಡ್ಡದಿರುವಾಗ ಬಡ್ಡಿ ದೊಡ್ಡದು. ಕಂತು ಮಾತ್ರ ಒಂದೇ ಆದ್ದರಿಂದ ಅಸಲಿಗೆ ಜಾಗ ಉಳಿಯುವುದಿಲ್ಲ.

ಮೊದಲೇ ಕಟ್ಟುವುದರ ಗುಟ್ಟೂ ಇಲ್ಲೇ ಇದೆ. ಕಂತಿನ ಹೊರತಾಗಿ ಕಟ್ಟಿದ ಹಣ ಪೂರ್ತಿ ಅಸಲಿಗೆ ಹೋಗುತ್ತದೆ. ರೈಲಿನಲ್ಲಿ ಕೇಳಿದವರ ಆ ಒಂದು ಲಕ್ಷವನ್ನು ಮೊದಲ ವರ್ಷದ ಕೊನೆಯಲ್ಲಿ ಕಟ್ಟಿ, ಕಂತನ್ನು ಹಾಗೆಯೇ ಮುಂದುವರಿಸಿದರೆ ಸಾಲದ ಕೊನೆಯಿಂದ 26 ಕಂತುಗಳು ಉದುರಿಹೋಗುತ್ತವೆ. ಬಡ್ಡಿಯಲ್ಲಿ ಉಳಿಯುವುದು ಸುಮಾರು 3 ಲಕ್ಷ 56 ಸಾವಿರ. ಅದೇ ಒಂದು ಲಕ್ಷವನ್ನು ಹದಿನೈದು ವರ್ಷವಾದ ಮೇಲೆ ಕಟ್ಟಿದರೆ ಉದುರುವುದು ಎಂಟೂವರೆ ಕಂತು, ಉಳಿಯುವುದು 49 ಸಾವಿರಕ್ಕೂ ಕಡಿಮೆ. ಗಣಿಯ ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿನಲ್ಲಿ ಸಿಗುತ್ತಿದ್ದ ಚಿನ್ನಕ್ಕೂ ಕೊನೆಗಾಲದಲ್ಲಿ ಮೂರು ಕಿಲೋಮೀಟರ್ ಆಳದಿಂದ ತಂದ ಅದಿರಿನ ಚಿನ್ನಕ್ಕೂ ಇದ್ದ ಅಂತರದ ಹಾಗೆ. ಇಡಿಗಂಟು ಇಲ್ಲದವರು ವರ್ಷಕ್ಕೊಂದು ಹೆಚ್ಚುವರಿ ಕಂತು ಕಟ್ಟಿದರೂ ಸಾಕು, 20 ವರ್ಷದ ಸಾಲ 40 ತಿಂಗಳು ಮೊದಲೇ ಮುಗಿಯುತ್ತದೆ.

ಆದರೆ 3 ಲಕ್ಷ 56 ಸಾವಿರ ಎಂಬ ಸಂಖ್ಯೆಗೆ ಮರುಳಾಗಬೇಕಿಲ್ಲ. ಅದು ಹತ್ತೊಂಬತ್ತು ವರ್ಷದಲ್ಲಿ ಕೂಡುವ ಮೊತ್ತ. ಸಾರಾಂಶದಲ್ಲಿ ಅದು ಒಂದು ಲಕ್ಷಕ್ಕೆ ಶೇ. 8.5ರ ಚಕ್ರಬಡ್ಡಿ ಸಿಕ್ಕಂತೆ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಸಾಲಕ್ಕಿಂತ ಕಡಿಮೆ ಬಡ್ಡಿ, ಅದರ ಮೇಲೂ ತೆರಿಗೆ. ಅಂಥ ಹಣವನ್ನು ಸಾಲಕ್ಕೆ ಕಟ್ಟುವುದು ಸರಿ. ಪಿ.ಎಫ್. ಹಣದ ಮಾತು ಬೇರೆ. 2024–25ರ ಸಾಲಿಗೆ ಅದಕ್ಕೆ ಶೇ. 8.25 ಬಡ್ಡಿ ಸಿಕ್ಕಿದೆ. ಶೇ. 8.5ರ ಸಾಲ ತೀರಿಸಲು ಮುಪ್ಪಿನ ಆ ಗಂಟನ್ನು ಬಿಚ್ಚುವುದು ಜಾಣತನವಲ್ಲ. ಇನ್ನೂ ದಡ್ಡತನವೆಂದರೆ ಕೈಯಲ್ಲಿದ್ದುದನ್ನೆಲ್ಲ ಮನೆ ಸಾಲಕ್ಕೆ ಸುರಿದು, ಜೂನ್ ತಿಂಗಳಲ್ಲಿ ಕಾಲೇಜು ಫೀಸಿಗೆ ತಾಯಿಯ ಬಳೆಗಳನ್ನು ಗಿರವಿ ಅಂಗಡಿಗೆ ಒಯ್ಯುವುದು. ಅಲ್ಲಿಯ ಬಡ್ಡಿ ಬ್ಯಾಂಕಿನದಕ್ಕಿಂತ ಎಷ್ಟು ಹೆಚ್ಚೆಂಬುದು ಎಲ್ಲರಿಗೂ ಗೊತ್ತು.

‘ಸಾಲ ಇದ್ದರೆ ತೆರಿಗೆ ಉಳಿಯುತ್ತೆ’ ಎಂಬ ವಾದವೂ ರೈಲಿನಲ್ಲಿ ಕೇಳುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ, ನಿಜ. ಹೊಸ ಪದ್ಧತಿಯಲ್ಲಿ ತಾನೇ ವಾಸಿಸುವ ಮನೆಗೆ ಆ ವಿನಾಯಿತಿ ಇಲ್ಲ. ಯಾವ ಪದ್ಧತಿಯಲ್ಲಿ ತೆರಿಗೆ ಕಟ್ಟುತ್ತಿದ್ದೇವೆಂದು ತಿಳಿಯದೆ ಈ ವಾದ ಹೂಡುವವರೇ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ, ಆದರೆ ಯಾರೂ ಹೆಚ್ಚು ಹೇಳದ ವಿಷಯ ಇನ್ನೊಂದಿದೆ. ಈ ವರ್ಷ ಐದು ಲಕ್ಷ ಮುಂಗಡ ಕಟ್ಟಿದವರಿಗೆ ಮುಂದಿನ ತಿಂಗಳ ಕಂತಿನಿಂದ ವಿನಾಯಿತಿ ಸಿಗುವುದಿಲ್ಲ. ಅವಧಿ ಕಡಿಮೆ ಮಾಡಿಕೊಂಡರೆ ಉದುರುವುದು ಕೊನೆಯ ಕಂತುಗಳು. ನಾಳಿನ ಕಂತು ನಾಳೆಯೇ ಕಟ್ಟಬೇಕು. ನಾಳೆ ಕೆಲಸ ಹೋದರೆ? ‘ನಿಮಗೆ ಐದು ಲಕ್ಷ ಮೊದಲೇ ಕೊಟ್ಟಿದ್ದೇನಲ್ಲ’ ಎಂದರೆ ಬ್ಯಾಂಕು ಕೇಳದು. ಕಟ್ಟಿದ ಹಣ ಹಿಂದಕ್ಕೂ ಬಾರದು. ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಗಣಿಯೇ ಒಂದು ದಿನ ಮುಚ್ಚಿದ ಊರಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ತಿ ತೀರಿದ ಸಾಲ ಮನೆಯನ್ನು ಕಾಯುತ್ತದೆ. ಮುಕ್ಕಾಲು ತೀರಿದ ಸಾಲಕ್ಕೆ ಆ ಶಕ್ತಿಯಿಲ್ಲ. ಆದ್ದರಿಂದ ಕನಿಷ್ಠ ಆರು ತಿಂಗಳ ಕಂತು, ಮನೆ ಖರ್ಚು ಮತ್ತು ಮಕ್ಕಳ ಆ ವರ್ಷದ ಫೀಸು ಬೇರೆಯಾಗಿ ಇದ್ದರೆ ಮಾತ್ರ ಮಿಕ್ಕಿದ್ದನ್ನು ಸಾಲಕ್ಕೆ ಕಟ್ಟಬೇಕು. ರೈಲಿನಲ್ಲಿ ಕೇಳಿದವರ ಪ್ರಶ್ನೆಗೆ ಉತ್ತರ ಅವರ ಪಾಸ್‌ಬುಕ್ಕಿನಲ್ಲೇ ಇದೆ: ಆ ಲಕ್ಷವಲ್ಲದೆ ಬೇರೇನೂ ಇಲ್ಲದಿದ್ದರೆ ಅದು ಮಗಳ ಕಾಲೇಜಿಗೇ ಇರಲಿ.

ಕೆಲಸ ಗಟ್ಟಿಯಿಲ್ಲದವರಿಗೆ, ಗುತ್ತಿಗೆಯ ನೌಕರಿಯವರಿಗೆ ಇನ್ನೊಂದು ದಾರಿಯಿದೆ. ಅವಧಿಯನ್ನು ಹಾಗೇ ಬಿಟ್ಟು ಕಂತನ್ನು ಇಳಿಸಿಕೊಳ್ಳುವುದು. ಮೇಲಿನ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ಕಂತು 885 ರೂಪಾಯಿಯಷ್ಟು ಇಳಿಯುತ್ತದೆ. ಬಡ್ಡಿಯಲ್ಲಿ ಉಳಿಯುವುದು 1 ಲಕ್ಷ 2 ಸಾವಿರ ಮಾತ್ರ. ಅವಧಿ ಇಳಿಸಿದವರ ಮೂರನೇ ಒಂದು ಪಾಲೂ ಇಲ್ಲ. ಆದರೂ ಕಷ್ಟದ ತಿಂಗಳಲ್ಲಿ ಹೊರೆ ಹಗುರ. ಸಂಬಳ ಸರಿಯಾಗಿ ಬಂದ ತಿಂಗಳುಗಳಲ್ಲಿ ಆ 885ನ್ನು ತಾವಾಗಿಯೇ ಸಾಲಕ್ಕೆ ಹೆಚ್ಚುವರಿಯಾಗಿ ಕಟ್ಟುತ್ತ ಹೋದರೆ ಎರಡರ ಲಾಭವೂ ಸಿಕ್ಕಂತೆ. ಹಣ ಕಟ್ಟುವಾಗ ಅವಧಿ ಇಳಿಯಬೇಕೋ ಕಂತು ಇಳಿಯಬೇಕೋ ಎಂಬುದನ್ನು ಬರವಣಿಗೆಯಲ್ಲಿ ಕೊಟ್ಟು, ಹೊಸ ಕಂತಿನ ಪಟ್ಟಿಯನ್ನು ಕೇಳಿ ಪಡೆಯಬೇಕು.

ಬಡ್ಡಿ ದರ ಏರಿಳಿಯುವ ಸಾಲಗಳಲ್ಲಿ ಮುಂಗಡ ಪಾವತಿಯ ಬಗ್ಗೆ ಅಸಡ್ಡೆ ಮಾಡಿದರೆ ಏನಾಗುತ್ತದೆಂಬುದಕ್ಕೆ 2022ರ ಅನುಭವವೇ ಸಾಕ್ಷಿ. ಆ ವರ್ಷದ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ ಏರತೊಡಗಿ 2023ರ ಫೆಬ್ರವರಿಗೆ ಶೇ. 6.5 ಮುಟ್ಟಿತು. ಶೇ. 6.75ಕ್ಕೆ ತೆಗೆದ 20 ಲಕ್ಷದ, 20 ವರ್ಷದ ಸಾಲಕ್ಕೆ ಕಂತು 15,207 ರೂಪಾಯಿ. ದರ ಎರಡೂವರೆ ಏರಿ ಶೇ. 9.25 ಆದರೆ 20 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 15,416! ಕಂತನ್ನು ಏರಿಸದೆ ಬಿಟ್ಟರೆ ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತದೆ. ಬಹಳ ಕಡೆ ಸಾಲಗಾರರಿಗೆ ತಿಳಿಯದಂತೆ ಅವಧಿ ಹಿಗ್ಗುತ್ತಿದ್ದುದರಿಂದಲೇ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆ ಸಾಲಗಾರರದು. ಭಾಗಶಃ ಆಗಲಿ ಪೂರ್ತಿಯಾಗಲಿ ಯಾವಾಗ ಬೇಕಾದರೂ ಮುಂಗಡ ಕಟ್ಟಬಹುದು ಎಂದು ಅದರಲ್ಲಿದೆ. ಇಂಥ ಏರಿಳಿಯುವ ದರದ ಮನೆ ಸಾಲವನ್ನು ಮೊದಲೇ ತೀರಿಸಿದ್ದಕ್ಕೆ ಬ್ಯಾಂಕುಗಳು ದಂಡ ಹಾಕುವಂತಿಲ್ಲವೆಂದು 2012ರ ಜೂನ್‌ನಲ್ಲೇ ಆದೇಶವಾಗಿದೆ. ಸ್ಥಿರ ಬಡ್ಡಿಯ ಸಾಲವಾದರೆ ಕರಾರುಪತ್ರದಲ್ಲಿ ಏನು ಬರೆದಿದೆ ಎಂದು ಓದಿಕೊಳ್ಳುವುದು ಒಳ್ಳೆಯದು.

ಕೊನೆಯ ಕಂತು ಕಟ್ಟಿದ ದಿನವೇ ಕೆಲಸ ಮುಗಿಯುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆ ಸಾಲಗಳು ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಮಾಡುವ ಅಡಮಾನಗಳು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಲ್ಲೇ ಇದಕ್ಕೆ ಜಾಗವಿದೆ. ಸಾಲ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನೆಲ್ಲ ಹಿಂದಿರುಗಿಸಿ, ನೋಂದಾಯಿಸಿದ ಋಣಭಾರವನ್ನು ಬ್ಯಾಂಕು ತೆಗೆಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರರಿಗೆ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಸಾಲ ಕೊಡುವಾಗ ಬ್ಯಾಂಕು ಪಡೆದ ಪತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಖಾತೆ, ಕಟ್ಟಡದ ನಕ್ಷೆ ಒಂದೊಂದನ್ನೂ ಎಣಿಸಿ ತೆಗೆದುಕೊಳ್ಳಬೇಕು. ಬಾಕಿ ಇಲ್ಲವೆಂಬ ಪತ್ರವನ್ನೂ ಬರೆಸಿಕೊಳ್ಳಬೇಕು. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದಾಖಲಾಗಬೇಕು. ಕೆಲವು ವಾರ ಬಿಟ್ಟು ಹೊಸದಾಗಿ ಒಂದು ಋಣಭಾರ ಪ್ರಮಾಣಪತ್ರ ತೆಗೆಸಿ, ಬ್ಯಾಂಕಿನ ಹೆಸರಿನ ಮುಂದೆ ಬಿಡುಗಡೆ ಎಂದು ಬಂದಿದೆಯೇ ನೋಡಿಕೊಂಡರೆ ಆಯಿತು.