ಮಂದ ಉರಿಯ ಮಡಕೆ ಮತ್ತು ಭಾನುವಾರದ ಊಟ

ಧರ್ಮಕೇಂದ್ರದ ಮನೆಗಳಿಗೆ ಭೇಟಿ ನೀಡುವಾಗ ನಾವು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಭಾನುವಾರದ ಪೂಜೆಗೆ ಎಲ್ಲರೂ ಒಟ್ಟಿಗೆ ಬರುತ್ತೀರಾ?" ಕೆಲವು ತಿಂಗಳ ಹಿಂದೆ ಒಬ್ಬ ಗೃಹಿಣಿ ಈ ಪ್ರಶ್ನೆಗೆ ನಗುತ್ತಲೇ ಉತ್ತರಿಸಿದರು: "ಇಲ್ಲ ಫಾದರ್, ನಾನು ಮೊದಲ ಪೂಜೆಗೆ ಒಬ್ಬಳೇ ಬಂದು ಓಡಿಹೋಗುತ್ತೇನೆ. ಮನೆಯವರು ಎರಡನೆಯ ಪೂಜೆಗೆ ಬರುತ್ತಾರೆ. ನಾನೂ ಅವರ ಜೊತೆ ಕುಳಿತರೆ ಹಂದಿಮಾಂಸ ಬೇಯಿಸುವವರು ಯಾರು?" ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ್ದರೂ ಹಬ್ಬದ ದಿನಗಳ ಹೊರತು ತಮ್ಮ ಪತಿ ಹಾಗೂ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸಿದ ನೆನಪು ಅವರಿಗಿರಲಿಲ್ಲ. ಅವರ ಮಾತಿನಲ್ಲಿ ದೂರು ಇರಲಿಲ್ಲ. ದೂರು ಇಲ್ಲದಿದ್ದುದೇ ನಮ್ಮ ಮನಸ್ಸನ್ನು ಹೆಚ್ಚು ಚುಚ್ಚಿತು.

ಆದಕಾರಣ ಈ ವಾರ ಅಡುಗೆಮನೆಯ ವಿಷಯವನ್ನೇ ಎತ್ತಿಕೊಂಡಿದ್ದೇವೆ. ಪೀಠದ ಬಳಿ ನಿಲ್ಲುವವರಿಗೆ ಒಲೆಯ ಬಳಿ ಏನು ಕೆಲಸವೆಂದು ವಾಚಕರು ಕೇಳಬಹುದು. ಪೀಠವೂ ಒಂದು ಊಟದ ಮೇಜೇ ಎಂಬುದನ್ನು ಮರೆಯದಿದ್ದರೆ ಈ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ.

ನಮ್ಮ ಕರಾವಳಿಯ ಕಥೋಲಿಕ ಮನೆಗಳಲ್ಲಿ ಭಾನುವಾರವೆಂದರೆ ಹಂದಿಮಾಂಸ ಎಂಬಷ್ಟು ರೂಢಿ ಬೇರೂರಿದೆ. ಬಫಾತ್ ಪುಡಿಯ ಘಮ, ಜೊತೆಗೆ ಮೃದುವಾದ ಸಾನ್ನ, ಇವು ನಮ್ಮ ಸಂಸ್ಕೃತಿಯ ಅಂಗಗಳು. ಇದರಲ್ಲಿ ಆಕ್ಷೇಪಿಸುವಂಥದ್ದು ಏನೂ ಇಲ್ಲ. ಆದರೆ ಇತ್ತೀಚೆಗೆ ಎರಡು ಬಗೆಯ ಬದಲಾವಣೆಗಳನ್ನು ಕಾಣುತ್ತಿದ್ದೇವೆ. ಒಂದು, ಭಾನುವಾರದ ಊಟವನ್ನು ಹೊರಗಿನಿಂದ ತರಿಸಿ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಿಂದು ಮುಗಿಸುವುದು. ಇನ್ನೊಂದು, ಪರಮಪ್ರಸಾದದ ಮೊದಲ ಸ್ವೀಕಾರ, ನಿಶ್ಚಿತಾರ್ಥ ಮುಂತಾದ ಸಂದರ್ಭಗಳಲ್ಲಿ ಸಾಲಮಾಡಿಯಾದರೂ ದುಬಾರಿ ಔತಣ ಏರ್ಪಡಿಸುವುದು. ಮೊದಲನೆಯದು ಊಟವನ್ನು ಅಗ್ಗದ ಸಂಗತಿಯಾಗಿಸಿದರೆ ಎರಡನೆಯದು ಅದನ್ನು ಪ್ರದರ್ಶನವಾಗಿಸುತ್ತದೆ. ಇವೆರಡರ ನಡುವೆ ಕಡಿಮೆ ಖರ್ಚಿನ, ಹೆಚ್ಚು ತಾಳ್ಮೆಯ ಮೂರನೆಯ ದಾರಿಯೊಂದಿದೆ.

ಪಾಶ್ಚಾತ್ಯ ದೇಶಗಳಲ್ಲಿ ಮನೆಮಾತಾಗಿರುವ ವಿದ್ಯುತ್ ಮಂದಪಾಕದ ಪಾತ್ರೆ, ಅಂದರೆ 'ಸ್ಲೋ ಕುಕ್ಕರ್', ಈಗ ನಮ್ಮಲ್ಲಿಯೂ ದೊರೆಯುತ್ತದೆ. ಇದರ ಹಿಂದಿನ ಕಥೆ ಸ್ವಾರಸ್ಯಕರವಾದುದು. ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಯೆಹೂದಿ ಸಂಶೋಧಕರು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಮುಂದೆ ರೈವಲ್ ಎಂಬ ಕಂಪನಿ 1971ರಲ್ಲಿ ಇದನ್ನು 'ಕ್ರಾಕ್‌ಪಾಟ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದೆಂಬ ನಿಯಮವಿದ್ದುದರಿಂದ ಲಿಥುವೇನಿಯಾದ ಯೆಹೂದಿ ಕುಟುಂಬಗಳು ಶುಕ್ರವಾರ ಸಂಜೆಯೇ ಕಾಳು, ಗೆಡ್ಡೆ, ಮಾಂಸ ತುಂಬಿದ ಮಡಕೆಯನ್ನು ಊರಿನ ಬೇಕರಿಗೆ ಒಯ್ಯುತ್ತಿದ್ದವು. ಆರುತ್ತಿರುವ ಒಲೆಯ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ತಾಯಿಯಿಂದ ಕೇಳಿದ ಈ ನೆನಪೇ ನ್ಯಾಕ್ಸನ್ನರಿಗೆ ಪ್ರೇರಣೆಯಾಯಿತು. ಎಂದರೆ, ಈ ಪಾತ್ರೆಯ ಮೂಲದಲ್ಲಿರುವುದು ಸೋಮಾರಿತನವಲ್ಲ, ದೇವರ ದಿನದಂದು ಅಡುಗೆಯವಳಿಗೂ ವಿಶ್ರಾಂತಿ ಸಲ್ಲಬೇಕೆಂಬ ಭಕ್ತಿ. ಹಂದಿಮಾಂಸವನ್ನು ಮುಟ್ಟದ ಜನಾಂಗದ ಪಾತ್ರೆಯಲ್ಲಿ ನಾವು ಹಂದಿಮಾಂಸ ಬೇಯಿಸುವುದು ಇತಿಹಾಸದ ವಿನೋದವಿರಬಹುದು. ಯೊಪ್ಪದಲ್ಲಿ ಸಂತ ಪೇತ್ರರು ಕಂಡ ದರ್ಶನದ ಬಳಿಕ ನಮಗೆ ಆ ನಿಷೇಧವಿಲ್ಲ. ಆದರೆ ವಿಶ್ರಾಂತಿಯ ಆ ಪಾಠ ಮಾತ್ರ ನಮಗೂ ಬೇಕಾದುದೇ.

ಈ ವಿಧಾನಕ್ಕೆ ಒಪ್ಪುವುದು ದುಬಾರಿ ಮಾಂಸವಲ್ಲ ಎಂಬುದು ಗಮನಾರ್ಹ. ಬೆನ್ನಿನ ನಾಜೂಕು ತುಂಡನ್ನು ಹೊತ್ತುಗಟ್ಟಲೆ ಬೇಯಿಸಿದರೆ ಅದು ಒಣಗಿ ನಾರಾಗುತ್ತದೆ. ದುಡಿದು ಗಟ್ಟಿಯಾದ ಭುಜದ ಮಾಂಸವೇ ಇಲ್ಲಿ ಗೆಲ್ಲುತ್ತದೆ. ಅದರ ಎಳೆಗಳ ನಡುವಿನ ಕೊಲಾಜನ್ ಎಂಬ ಗಟ್ಟಿ ಅಂಶವು 70 ಡಿಗ್ರಿ ಸೆಲ್ಸಿಯಸ್ ದಾಟಿದ ತೇವದ ಕಾವಿನಲ್ಲಿ ಗಂಟೆಗಟ್ಟಲೆ ಇದ್ದಾಗ ಕರಗಿ ಜೆಲಟಿನ್ ಆಗುತ್ತದೆ. ಆತುರದ ಉರಿಗೆ ಬಗ್ಗದ ಮಾಂಸ ತಾಳ್ಮೆಯ ಕಾವಿಗೆ ಬೆಣ್ಣೆಯಂತೆ ಮಣಿಯುತ್ತದೆ. ಹಲ್ಲಿಲ್ಲದ ಅಜ್ಜಿಯೂ ಮೊಮ್ಮಗನ ಪಕ್ಕದಲ್ಲಿ ಕುಳಿತು ಅದೇ ತಟ್ಟೆಯದನ್ನು ಉಣ್ಣಬಹುದು.

ಮಾಡುವ ಬಗೆ ಸರಳ. ಒಂದೂವರೆ ಕಿಲೋ ತೂಕದ ಭುಜದ ಮಾಂಸವನ್ನು ತುಂಡರಿಸದೆ ಇಡಿಯಾಗಿ ಕೇಳಿ ತರಬೇಕು. ಶನಿವಾರ ರಾತ್ರಿ ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಗೂ ಶುಂಠಿ, ಕರಿಮೆಣಸು, ಎರಡು ಚಮಚ ಬಫಾತ್ ಪುಡಿ, ಮೂರು ಚಮಚ ವಿನೆಗರ್ ಸವರಿ ಫ್ರಿಜ್ಜಿನಲ್ಲಿಡಬೇಕು. ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಬಾಣಲೆಯಲ್ಲಿ ಎಲ್ಲ ಬದಿಯೂ ಕೆಂಪಗಾಗುವಂತೆ ಬಾಡಿಸಿ, ಪಾತ್ರೆಯ ತಳದಲ್ಲಿ ಆಲೂಗಡ್ಡೆ, ಈರುಳ್ಳಿ ಹರಡಿ, ಮಾಂಸವನ್ನು ಮೇಲಿಟ್ಟು, ಒಂದು ಲೋಟ ನೀರೆರೆದು ಮುಚ್ಚಬೇಕು. ಇಂಥ ಪಾತ್ರೆಯಲ್ಲಿ ಗೆಡ್ಡೆಗಳು ಮಾಂಸಕ್ಕಿಂತ ನಿಧಾನವಾಗಿ ಬೇಯುವುದರಿಂದ ಅವು ತಳದಲ್ಲಿರುವುದೇ ಸರಿ. ಕನಿಷ್ಠ ಕಾವಿನಲ್ಲಿ ಎಂಟು ಗಂಟೆ ಬಿಟ್ಟರೆ ಮಧ್ಯಾಹ್ನ ಒಂದು ಗಂಟೆಗೆ ಊಟ ಸಿದ್ಧ. ನಡುನಡುವೆ ಮುಚ್ಚಳ ತೆಗೆದು ಇಣುಕಬಾರದು. ಪ್ರತಿ ಇಣುಕಿಗೂ ಕಾವು ಸೋರಿ ಊಟ ತಡವಾಗುತ್ತದೆ. 200 ವ್ಯಾಟ್ಸ್‌ನ ಪಾತ್ರೆ ಎಂಟು ಗಂಟೆ ಪೂರ್ತಿ ಉರಿದರೂ ತಗಲುವ ವಿದ್ಯುತ್ 1.6 ಯೂನಿಟ್ ಮಾತ್ರ.

ವಿದ್ಯುತ್ ಪಾತ್ರೆಯನ್ನು ಕೊಂಡೇ ತೀರಬೇಕೆಂದು ನಾವು ಹೇಳುತ್ತಿಲ್ಲ. ದಪ್ಪ ತಳದ ಪಾತ್ರೆಯನ್ನು ಅತಿ ಸಣ್ಣ ಉರಿಯಲ್ಲಿಟ್ಟು, ಮನೆಯಲ್ಲಿ ಒಬ್ಬರು ಕಣ್ಣಿಟ್ಟಿದ್ದರೆ ಮೂರು ಗಂಟೆಯಲ್ಲಿ ಹೆಚ್ಚುಕಡಿಮೆ ಅದೇ ಫಲ ದೊರೆಯುತ್ತದೆ. ನಮ್ಮ ಅಜ್ಜಿಯಂದಿರು ಮಣ್ಣಿನ ಮಡಕೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದುದು ಇದೇ ತತ್ತ್ವದ ಮೇಲೆ. ಆದರೆ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಮಂಜುಗಟ್ಟಿದ ಮಾಂಸವನ್ನು ನೇರವಾಗಿ ಮಂದಪಾಕಕ್ಕೆ ಇಡಬಾರದು. ಕಾವು ಏರುವ ಮೊದಲೇ ರೋಗಾಣುಗಳು ಬೆಳೆಯಬಹುದು. ಎರಡನೆಯದಾಗಿ, ಹಂದಿಮಾಂಸ ಒಳತಿರುಳಿನವರೆಗೂ ಬೆಂದಿರಬೇಕು. ಅರೆಬೆಂದ ಮಾಂಸದಿಂದ ಲಾಡಿಹುಳು ದೇಹ ಸೇರಬಹುದು. ಅದರ ಮೊಟ್ಟೆಗಳು ಕೊಳಕು ಕೈ, ಕೊಳಕು ನೀರಿನ ಮೂಲಕ ಹೊಟ್ಟೆ ಸೇರಿದರೆ ಮೆದುಳಿನಲ್ಲಿ ಗಂಟು ಕಟ್ಟಿ ಮೂರ್ಛೆರೋಗಕ್ಕೂ ಕಾರಣವಾದೀತು. ಆದ್ದರಿಂದ ಶುಚಿಯಾಗಿ ಸಾಕಿದ ಹಂದಿಯ ಮಾಂಸವನ್ನೇ ಕೊಳ್ಳುವುದು ಬುದ್ಧಿವಂತಿಕೆ.

ಹೊಟ್ಟೆಬಾಕತನವೆಂದರೆ ಹೆಚ್ಚು ತಿನ್ನುವುದು ಮಾತ್ರವೆಂದು ನಾವು ತಿಳಿದಿದ್ದೇವೆ. ಮಹಾ ಸಂತ ಗ್ರೆಗೊರಿಯವರೂ ಅವರನ್ನು ಅನುಸರಿಸಿದ ಸಂತ ತೋಮಸ್ ಅಕ್ವೀನಾಸರೂ ಅದರಲ್ಲಿ ಐದು ಬಗೆಗಳನ್ನು ಎಣಿಸಿದ್ದಾರೆ: ಹೊತ್ತಿಗೆ ಮುಂಚೆ ಉಣ್ಣುವುದು, ದುಬಾರಿಯದನ್ನೇ ಅರಸುವುದು, ಮಿತಿಮೀರಿ ತಿನ್ನುವುದು, ಗಬಗಬನೆ ನುಂಗುವುದು, ಅತಿ ನಾಜೂಕಿನ ತಯಾರಿಯನ್ನು ಬಯಸುವುದು. ಇವುಗಳಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ. ಮೂರು ತುತ್ತು ಉಂಡೂ ಹೊಟ್ಟೆಬಾಕನಾಗಲು ಸಾಧ್ಯ! ಸಾಲಮಾಡಿ ಬಡಿಸುವ ಔತಣವೂ, ಹತ್ತು ನಿಮಿಷ ಕಾಯಲಾಗದ ಹಸಿವೂ ಈ ಪಟ್ಟಿಯಲ್ಲಿ ಸಲೀಸಾಗಿ ಸೇರುತ್ತವೆ. ಅಗ್ಗದ ತುಂಡನ್ನು ಎಂಟು ಗಂಟೆ ಕಾದು, ಎಲ್ಲರೂ ಸೇರಿದ ಮೇಲೆ ಪ್ರಾರ್ಥಿಸಿ ಉಣ್ಣುವ ಕುಟುಂಬ ತನಗರಿಯದೆಯೇ ಸಂಯಮದ ಸದ್ಗುಣವನ್ನು ಅಭ್ಯಾಸ ಮಾಡುತ್ತಿರುತ್ತದೆ. ಐದನೆಯ ಬಗೆ, ಅಡುಗೆಯ ಬಗ್ಗೆ ಇಷ್ಟುದ್ದ ಬರೆಯುತ್ತಿರುವ ನಮಗೂ ಎಚ್ಚರಿಕೆಯೇ ಸರಿ.

ಒಂದು ಆಕ್ಷೇಪಣೆಗೆ ಉತ್ತರಿಸಬೇಕಾಗಿದೆ. ಯಂತ್ರವೊಂದನ್ನು ತಂದಿಟ್ಟರೆ ಗೃಹಿಣಿಯ ಹೊರೆ ಇಳಿಯುವುದೇ? ಖಂಡಿತ ಇಲ್ಲ. ಈರುಳ್ಳಿ ಹೆಚ್ಚುವವರು, ಐದಕ್ಕೆ ಏಳುವವರು, ಕೊನೆಗೆ ಪಾತ್ರೆ ತೊಳೆಯುವವರು ಅವರೊಬ್ಬರೇ ಆದರೆ ಮಡಕೆ ಬದಲಾದೀತು, ಮನೆ ಬದಲಾಗದು. ಮಾರ್ತಾ ಮತ್ತು ಮರಿಯಾರ ಪ್ರಸಂಗವನ್ನು ನಾವು ಬೋಧಿಸುವಾಗ ಮಾರ್ತಾಳ ತಳಮಳವನ್ನು ಎತ್ತಿ ತೋರಿಸುತ್ತೇವೆ. ಆಕೆಗೆ ನೆರವಾಗಲು ಮನೆಯಲ್ಲಿ ಬೇರೆ ಯಾರೂ ಏಳಲಿಲ್ಲವೇಕೆಂದು ಗಂಡಸರಾದ ನಾವು ಕೇಳುವುದು ವಿರಳ. ನಾವೂ ಎಷ್ಟೋ ವರ್ಷ ಹಾಗೆ ಕೇಳದೆಯೇ ಪ್ರಬೋಧನೆ ನೀಡಿದ್ದೇವೆಂದು ಒಪ್ಪಿಕೊಳ್ಳುತ್ತೇವೆ. ಶನಿವಾರ ರಾತ್ರಿ ಅರ್ಧ ಗಂಟೆ ತಂದೆ ಮಕ್ಕಳು ಅಡುಗೆಮನೆಯಲ್ಲಿ ಕೈಜೋಡಿಸಿದರೆ ಆಗ ಮಾತ್ರ ಭಾನುವಾರ ಎಲ್ಲರಿಗೂ ಭಾನುವಾರವಾಗುತ್ತದೆ. ಜಗದ್ಗುರು ಎರಡನೆಯ ಜಾನ್ ಪಾಲರು 1998ರಲ್ಲಿ ಪ್ರಭುವಿನ ದಿನವನ್ನು ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಪೂಜೆ, ವಿಶ್ರಾಂತಿ, ಬಡವರೊಡನೆ ಹಂಚಿಕೆ ಇವುಗಳನ್ನು ಜೊತೆಜೊತೆಯಾಗಿ ಕಂಡಿದ್ದಾರೆ. ಒಂದೂವರೆ ಕಿಲೋ ಮಾಂಸದಲ್ಲಿ ಒಂಟಿಯಾಗಿರುವ ನೆರೆಯ ವೃದ್ಧರಿಗೊಂದು ಬಟ್ಟಲು ಖಂಡಿತ ಮಿಗುತ್ತದೆ.

ಆ ಗೃಹಿಣಿಯ ಮನೆಗೆ ಮತ್ತೆ ಹೋಗಲು ನಮಗೆ ಸಾಧ್ಯವಾಗಿಲ್ಲ. ಆದರೆ ಮೊನ್ನೆ ಎರಡನೆಯ ಪೂಜೆಯಲ್ಲಿ ಪ್ರಬೋಧನೆಗೆಂದು ತಲೆಯೆತ್ತಿದಾಗ ಬಲಬದಿಯ ಬೆಂಚಿನಲ್ಲಿ ಪತಿ, ಇಬ್ಬರು ಮಕ್ಕಳು, ಅವರ ನಡುವೆ ಆಕೆಯನ್ನು ಕಂಡೆವು. ಒಲೆಯ ಮೇಲೆ ಏನಿತ್ತೋ ನಾವು ಕೇಳಲಿಲ್ಲ. ಪೂಜೆ ಮುಗಿದ ಮೇಲೆ ಅವರಾರೂ ಓಡಲಿಲ್ಲ ಎಂಬುದನ್ನಷ್ಟೇ ಗಮನಿಸಿದೆವು.